25 ಪದಗಳೂ ಸರಿ, ಬ್ಯಾಲೆನ್ಸ್ ಮಾತ್ರ ಸೊನ್ನೆ: ವಾಲೆಟ್ ಮರಳಿ ಪಡೆಯುವಾಗ ಯಾವ ಬ್ಲಾಕ್‌ನಿಂದ ಆರಂಭಿಸಬೇಕು?

ಪ್ರಶ್ನೆ: 2019ರ ಮಧ್ಯಭಾಗದಲ್ಲಿ ಮೊನೆರೊ ಎಂಬ ಕ್ರಿಪ್ಟೋ ಹಣಕ್ಕಾಗಿ ಒಂದು ವಾಲೆಟ್ ಮಾಡಿಕೊಂಡಿದ್ದೆ. ಜೂನೋ ಜುಲೈಯೋ ಸರಿಯಾಗಿ ನೆನಪಿಲ್ಲ. 2022ರ ಆರಂಭದವರೆಗೆ ಅದಕ್ಕೆ ಆಗಾಗ ಹಣ ಬರುತ್ತಿತ್ತು. ಒಂದೆರಡು ಸಲ ಖರ್ಚನ್ನೂ ಮಾಡಿದ್ದೇನೆ. ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟುಹೋದ ಮೇಲೆ, ಕಾಗದದಲ್ಲಿ ಬರೆದಿಟ್ಟಿದ್ದ 25 ಪದಗಳನ್ನು ಕೊಟ್ಟು ಹೊಸ ಕಂಪ್ಯೂಟರಿನಲ್ಲಿ ವಾಲೆಟ್ ಮರಳಿ ಪಡೆದೆ. ವಾಲೆಟ್ ರಚನೆಯಾದ ದಿನಾಂಕ ಅಥವಾ ರಿಸ್ಟೋರ್ ಹೈಟ್ (ಓದಲು ಆರಂಭಿಸಬೇಕಾದ ಬ್ಲಾಕ್‌ನ ಸಂಖ್ಯೆ) ಯಾವುದೆಂದು ತಂತ್ರಾಂಶ ಕೇಳಿದಾಗ, ಹೊಸದಾಗಿ ಮಾಡುತ್ತಿದ್ದೇನಲ್ಲ ಎಂದುಕೊಂಡು ಆ ದಿನದ ದಿನಾಂಕವನ್ನೇ ಕೊಟ್ಟೆ. ಕೆಲವೇ ನಿಮಿಷಗಳಲ್ಲಿ ಸಿಂಕ್ ಮುಗಿಯಿತು, ಬ್ಯಾಲೆನ್ಸ್ ಸೊನ್ನೆ. ಗಾಬರಿಯಾಗಿ ಇನ್ನೊಂದು ಆ್ಯಪ್‌ನಲ್ಲಿ 2021ರ ದಿನಾಂಕ ಹಾಕಿದೆ. ಅದರಲ್ಲಿ ನನಗೆ ನೆನಪೇ ಇಲ್ಲದ ಮೊತ್ತವೊಂದು ಜಮೆಯಾದಂತೆ ಕಾಣುತ್ತಿದೆ, ಒಟ್ಟು ಮೊತ್ತವಂತೂ ಇರಬೇಕಾದುದಕ್ಕಿಂತ ಕಡಿಮೆ. ಮೂರನೆಯ ಆ್ಯಪ್‌ನಲ್ಲಿ ಆ ಜಾಗವನ್ನು ಖಾಲಿ ಬಿಟ್ಟೆ. ಗಂಟೆಗಟ್ಟಲೆ ಸ್ಕ್ಯಾನ್ ಆಗುತ್ತಲೇ ಇದ್ದುದರಿಂದ ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ನನ್ನ ಹಣ ಹೋಯಿತೇ? ಯಾವ ಸಂಖ್ಯೆ ಕೊಡಬೇಕು? ಬಿಟ್‌ಕಾಯಿನ್ ವಾಲೆಟ್‌ಗೂ ಇದೇ ತೊಂದರೆ ಇದೆಯೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಹಣ ಎಲ್ಲಿಗೂ ಹೋದಂತೆ ಕಾಣುವುದಿಲ್ಲ. ವ್ಯವಹಾರಗಳೆಲ್ಲ ಬ್ಲಾಕ್ ಎಂಬ ಪುಟಗಳಲ್ಲಿ ಸಾಲಾಗಿ ದಾಖಲಾಗಿರುವ, ಬ್ಲಾಕ್‌ಚೈನ್ ಎಂಬ ಒಂದೇ ಲೆಕ್ಕದ ಪುಸ್ತಕವನ್ನು ಮೂರು ಆ್ಯಪ್‌ಗಳು ಮೂರು ಬೇರೆ ಬೇರೆ ಪುಟಗಳಿಂದ ಓದಲು ತೊಡಗಿವೆ. ಆದ್ದರಿಂದಲೇ ಒಂದು ಸೊನ್ನೆ ಎಂದಿತು, ಇನ್ನೊಂದು ಕಡಿಮೆ ಎಂದಿತು, ಮೂರನೆಯದು ಓದಿ ಮುಗಿಸಲೇ ಇಲ್ಲ. ಎರಡನೆಯ ಆ್ಯಪ್ ತೋರಿಸಿದ ಆ ನೆನಪಿಲ್ಲದ ಮೊತ್ತ ನಿಮಗೆ ದಿಗಿಲು ಹುಟ್ಟಿಸಿರಬಹುದು. ನನಗಾದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಸಮಾಧಾನ ತಂದ ಸಂಗತಿಯೇ ಅದು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಆ 25 ಪದಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡೋಣ. ಮೊನೆರೊದ ಪದಪಟ್ಟಿಯಲ್ಲಿ 1,626 ಪದಗಳಿವೆ. ಅವುಗಳಿಂದ ಆಯ್ದ 24 ಪದಗಳು ನಿಮ್ಮ ರಹಸ್ಯ ಕೀಯನ್ನು ಸೂಚಿಸುತ್ತವೆ. 25ನೆಯದು, ಉಳಿದವನ್ನು ಬರೆಯುವಾಗ ತಪ್ಪಾಗಿದೆಯೇ ಎಂದು ತಾಳೆ ನೋಡಲು ಇರುವ ಪದ. ಹಣವನ್ನು ಖರ್ಚು ಮಾಡುವ ಸ್ಪೆಂಡ್ ಕೀ, ಬಂದ ಹಣವನ್ನು ಗುರುತಿಸುವ ವ್ಯೂ ಕೀ, ನಿಮ್ಮ ವಿಳಾಸಗಳು, ಇವೆಲ್ಲವೂ ಆ ಪದಗಳಿಂದಲೇ ಹುಟ್ಟುತ್ತವೆ. ಆದರೆ ಈ ಕೀಯನ್ನು ಯಾವಾಗ ಸೃಷ್ಟಿಸಲಾಯಿತು ಎಂಬ ಮಾಹಿತಿಗೆ ಅವುಗಳಲ್ಲಿ ಜಾಗವೇ ಇಲ್ಲ. 2016ರಲ್ಲಿ ಮಾಡಿದ ವಾಲೆಟ್‌ನ ಪದಗಳಿಗೂ ನಿನ್ನೆ ಮಾಡಿದ ವಾಲೆಟ್‌ನ ಪದಗಳಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಪದಗಳು ಹೇಳದೆ ಉಳಿಸಿದ ಈ ಒಂದು ಮಾತನ್ನು ನಿಮ್ಮ ಬಾಯಿಂದ ಹೇಳಿಸುವುದಕ್ಕಾಗಿಯೇ ತಂತ್ರಾಂಶ ರಿಸ್ಟೋರ್ ಹೈಟ್ ಕೇಳುತ್ತದೆ. ಈ ಸಂಖ್ಯೆಗಿಂತ ಹಿಂದಿನ ಬ್ಲಾಕ್‌ಗಳಲ್ಲಿ ನನ್ನದೇನೂ ಇಲ್ಲ, ಅವನ್ನು ನೋಡುವ ಶ್ರಮ ಬೇಡ ಎಂದು ನೀವು ಕೊಡುವ ಅನುಮತಿ ಅದು. ನೀವು ಅಂದಿನ ದಿನಾಂಕ ಕೊಟ್ಟಿರಿ. ತಂತ್ರಾಂಶ ನಿಮ್ಮ ಮಾತನ್ನು ನಂಬಿ ಹಿಂದಿನ ಎಲ್ಲ ವರ್ಷಗಳನ್ನೂ ಬಿಟ್ಟಿತು.

ಅದು ತಾನಾಗಿಯೇ ಹುಡುಕಿಕೊಳ್ಳಬಾರದೇಕೆ ಎಂದು ನೀವು ಕೇಳಬಹುದು. ಮೊನೆರೊ ಬ್ಲಾಕ್‌ಚೈನ್‌ನಲ್ಲಿ ನಿಮ್ಮ ವಿಳಾಸ ಎಲ್ಲಿಯೂ ಬರೆದಿರುವುದಿಲ್ಲ. ಹಣ ಕಳಿಸುವವರ ವಾಲೆಟ್ ಪ್ರತಿ ಸಲವೂ ಹೊಸದೊಂದು ಕೀಯನ್ನು ಲೆಕ್ಕ ಹಾಕಿ, ಆ ಕೀಯ ಹೆಸರಿನಲ್ಲಿ ಹಣವನ್ನು ಇಡುತ್ತದೆ; ನೋಡುವವರಿಗೆ ಅದಕ್ಕೂ ನಿಮ್ಮ ವಿಳಾಸಕ್ಕೂ ಇರುವ ಸಂಬಂಧ ತಿಳಿಯುವುದಿಲ್ಲ. ನಿಮ್ಮ ವಾಲೆಟ್ ಏನು ಮಾಡಬೇಕೆಂದರೆ, ಪ್ರತಿಯೊಂದು ವ್ಯವಹಾರದ ಜೊತೆಗಿರುವ ಸಾರ್ವಜನಿಕ ಕೀಯನ್ನು ನಿಮ್ಮ ವ್ಯೂ ಕೀಯೊಂದಿಗೆ ಸೇರಿಸಿ ಗಣಿತ ಮಾಡಿ, ಬಂದ ಉತ್ತರ ಅಲ್ಲಿರುವ ಔಟ್‌ಪುಟ್‌ಗೆ (ಹಾಗೆ ಇಟ್ಟ ಹಣದ ಕಂತಿಗೆ) ಹೊಂದುತ್ತದೆಯೇ ಎಂದು ಒಂದೊಂದನ್ನೇ ಪರೀಕ್ಷಿಸಬೇಕು. ಲೋಕದ ಎಲ್ಲರ ವ್ಯವಹಾರಗಳನ್ನೂ ಹೀಗೆ ಪರೀಕ್ಷಿಸಿದ ಮೇಲೆಯೇ ನಿಮ್ಮ ನಾಲ್ಕಾರು ಜಮೆಗಳು ಸಿಗುತ್ತವೆ. 2022ರ ಆಗಸ್ಟ್‌ನಲ್ಲಿ ನಡೆದ ಜಾಲದ ಪರಿಷ್ಕರಣೆಯಲ್ಲಿ ಪ್ರತಿ ಔಟ್‌ಪುಟ್‌ಗೂ ಒಂದು ಬೈಟ್‌ನ ವ್ಯೂ ಟ್ಯಾಗ್ ಸೇರಿಸಲಾಯಿತು. ನಿಮ್ಮದಲ್ಲದ 256 ಔಟ್‌ಪುಟ್‌ಗಳಲ್ಲಿ ಸರಾಸರಿ 255ನ್ನು ಆ ಒಂದು ಬೈಟ್ ನೋಡಿಯೇ ತಳ್ಳಿಹಾಕಬಹುದಾದ್ದರಿಂದ ಅಲ್ಲಿಂದೀಚಿನ ಸ್ಕ್ಯಾನ್ ಬೇಗ ಸಾಗುತ್ತದೆ. ನಿಮ್ಮ ಜಮೆಗಳೆಲ್ಲ ಅದಕ್ಕಿಂತ ಹಿಂದಿನವು. ಆ ಕಾಲದ ಔಟ್‌ಪುಟ್‌ಗಳಿಗೆ ಈ ಸೌಕರ್ಯವಿಲ್ಲದ ಕಾರಣ, ಮೊದಲ ಭಾಗ ನಿಧಾನವಾಗಿ ಸಾಗಿ ಕೊನೆಯ ಭಾಗ ಓಡಿದಂತೆ ನಿಮಗೆ ಕಾಣಬಹುದು.

ಇನ್ನು ಆ ನೆನಪಿಲ್ಲದ ಮೊತ್ತದ ವಿಚಾರ. ಒಂದು ಉದಾಹರಣೆ ತೆಗೆದುಕೊಳ್ಳಿ. 2020ರಲ್ಲಿ ನಿಮಗೆ 5 ಮೊನೆರೊ ಒಂದೇ ಕಂತಿನಲ್ಲಿ ಬಂದಿತ್ತು. 2021ರಲ್ಲಿ ಅದರಿಂದ ಯಾರಿಗೋ 1.2 ಕೊಟ್ಟಿರಿ. ಮೊನೆರೊದಲ್ಲಿ 5ರ ಔಟ್‌ಪುಟ್ಟನ್ನು ಹರಿದು ಕೊಡಲು ಬರುವುದಿಲ್ಲ. ಅದು ಇಡಿಯಾಗಿ ಖರ್ಚಾಗಿ, ಶುಲ್ಕ ಕಳೆದು ಉಳಿದ ಸುಮಾರು 3.8 ಚಿಲ್ಲರೆಯ ರೂಪದಲ್ಲಿ ನಿಮಗೇ ಹಿಂತಿರುಗುತ್ತದೆ. 2019ರಿಂದ ಓದಿಕೊಂಡು ಬಂದ ವಾಲೆಟ್‌ಗೆ ಆ 5 ತನ್ನದೆಂದು ಗೊತ್ತು. ಆದ್ದರಿಂದ ಅದು 1.2 ಖರ್ಚಾಯಿತು ಎಂದಷ್ಟೇ ಬರೆದುಕೊಳ್ಳುತ್ತದೆ. 2021ರಿಂದ ಓದಲು ತೊಡಗಿದ ವಾಲೆಟ್‌ಗೆ 5ರ ಸುದ್ದಿಯೇ ಗೊತ್ತಿಲ್ಲ, ಹಾಗಾಗಿ ಅದರ ಖರ್ಚೂ ತಿಳಿಯುವುದಿಲ್ಲ. ತನ್ನ ಕೀಗೆ ಹೊಂದುವ 3.8 ಕಂಡ ಕೂಡಲೇ ಅದನ್ನು ಹೊಸ ಜಮೆ ಎಂದು ತೋರಿಸುತ್ತದೆ. ನಿಮಗೆ ಯಾರೂ 3.8 ಕಳಿಸಿರಲಿಲ್ಲವಾದ್ದರಿಂದ ಅದು ನಿಮ್ಮ ನೆನಪಿನಲ್ಲಿಲ್ಲ. ನೀವು ಕಂಡದ್ದು ಬಹುಮಟ್ಟಿಗೆ ಇಂಥದೇ ಚಿಲ್ಲರೆ. ಅದು ಕಂಡಿತೆಂದರೆ ಎರಡು ಮಾತು ಸಾಬೀತಾದಂತೆ: ನಿಮ್ಮ ಪದಗಳು ಸರಿಯಾದ ವಾಲೆಟ್‌ನವೇ, ಮತ್ತು ನೀವು ಕೊಟ್ಟ ಆರಂಭ ನಿಮ್ಮ ಮೊದಲ ಜಮೆಗಿಂತ ತಡವಾದದ್ದು. ಜಮೆಯಾಗದೆ ಖರ್ಚಾಗುವುದು ಸಾಧ್ಯವಿಲ್ಲದ್ದರಿಂದ, ಮೊದಲ ಜಮೆಗಿಂತ ಹಿಂದಿನಿಂದ ಓದಿದರೆ ಜಮೆ, ಖರ್ಚು, ಚಿಲ್ಲರೆ ಮೂರೂ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ.

ಆದ್ದರಿಂದ ಸಂಖ್ಯೆಯ ವಿಷಯದಲ್ಲಿ ನನ್ನ ಸಲಹೆಯ ತಿರುಳು ಇಷ್ಟು. ಆರಂಭವನ್ನು ಬೇಕಾದುದಕ್ಕಿಂತ ಹಿಂದೆ ಇಟ್ಟರೆ ಹೋಗುವುದು ಬರಿಯ ಸಮಯ. ಒಂದೇ ಒಂದು ಜಮೆಯಷ್ಟು ಮುಂದೆ ಇಟ್ಟರೂ ಲೆಕ್ಕವೇ ತಪ್ಪುತ್ತದೆ. ನಿಖರವಾದ ಬ್ಲಾಕ್ ಹುಡುಕಲು ತಲೆ ಕೆಡಿಸಿಕೊಳ್ಳಬೇಡಿ. ಇದಕ್ಕಿಂತ ಮೊದಲು ಖಂಡಿತ ಹಣ ಬಂದಿಲ್ಲ ಎಂದು ನೀವು ಆಣೆ ಇಟ್ಟು ಹೇಳಬಲ್ಲ ದಿನವನ್ನು ಆರಿಸಿ, ಅದಕ್ಕಿಂತ ಒಂದು ತಿಂಗಳು ಹಿಂದಕ್ಕೆ ಸರಿಯಿರಿ. ದಿನಾಂಕವನ್ನು ಬ್ಲಾಕ್ ಸಂಖ್ಯೆಗೆ ತಾನೇ ಅಂದಾಜಿಸಬೇಕಾಗಿ ಬಂದಾಗ ಮೊನೆರೊದ ಅಧಿಕೃತ ತಂತ್ರಾಂಶವೂ ಹೀಗೆಯೇ ಒಂದು ತಿಂಗಳಿನಷ್ಟು ಬ್ಲಾಕ್‌ಗಳನ್ನು ಕಳೆದು ಹಿಂದಕ್ಕೆ ಸರಿಯುತ್ತದೆ. ಜೂನೋ ಜುಲೈಯೋ ಎಂಬ ಅನುಮಾನವಿದೆ ಎಂದಿದ್ದೀರಿ. ಹಾಗಾದರೆ ಜೂನ್ ಎಂದೇ ಹಿಡಿದು, ಒಂದು ತಿಂಗಳು ಹಿಂದೆ ಸರಿದು, 2019ರ ಮೇ 1 ಎಂದು ಕೊಡಿ. ದಿನಾಂಕ ಕೊಡುವಾಗ ಮೊನೆರೊದ ಅಧಿಕೃತ ವಾಲೆಟ್ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಬಯಸುತ್ತದೆ, ಅಂದರೆ 2019-05-01. ದಿನ ಮತ್ತು ತಿಂಗಳು ಅದಲುಬದಲಾಗಿ 2019ರ ಮೇ 11 ಎಂಬುದು ನವೆಂಬರ್ 5 ಆಗಿಬಿಟ್ಟ ಪ್ರಕರಣಗಳನ್ನು ನಾನು ಕಂಡಿದ್ದೇನೆ. ನೋಡಲು ಅಲ್ಪವಾದ ತಪ್ಪು, ಆದರೆ ಆರು ತಿಂಗಳ ಜಮೆಗಳು ಕಾಣದಂತಾಗುತ್ತವೆ.

ಕೆಲವು ಆ್ಯಪ್‌ಗಳು ದಿನಾಂಕವನ್ನು ಒಪ್ಪದೆ ಸಂಖ್ಯೆಯನ್ನೇ ಕೇಳುತ್ತವೆ. ಅದನ್ನು ನೀವೇ ಲೆಕ್ಕ ಹಾಕಬಹುದು. ಮೊನೆರೊ ಜಾಲ ಆರಂಭವಾದದ್ದು 2014ರ ಏಪ್ರಿಲ್ 18ರಂದು. ಆಗ ನಿಮಿಷಕ್ಕೊಂದು ಬ್ಲಾಕ್ ಎಂಬ ಗುರಿಯಿತ್ತು. 10,09,827ನೆಯ ಬ್ಲಾಕ್‌ನಲ್ಲಿ ಆ ಗುರಿಯನ್ನು ಎರಡು ನಿಮಿಷಕ್ಕೆ ಬದಲಾಯಿಸಲಾಯಿತು. ಅದು 2016ರ ಮಾರ್ಚ್ 22, 23ರ ಹೊತ್ತು. ಲೆಕ್ಕಕ್ಕೆ 23 ಎಂದಿಟ್ಟುಕೊಳ್ಳಿ. ಅಂದಿನಿಂದ ದಿನಕ್ಕೆ 720 ಬ್ಲಾಕ್, ವರ್ಷಕ್ಕೆ 2,62,800. 2016ರ ಮಾರ್ಚ್ 23ರಿಂದ 2019ರ ಮೇ 1ರವರೆಗೆ 1,134 ದಿನ. ಅದನ್ನು 720ರಿಂದ ಗುಣಿಸಿದರೆ 8,16,480. ಅದಕ್ಕೆ 10,09,827 ಕೂಡಿಸಿದರೆ 18,26,307. ಕೊನೆಯ ಅಂಕಿಗಳನ್ನು ಕೆಳಮುಖವಾಗಿ ಸುತ್ತಿ 18,26,000 ಎಂದು ಕೊಟ್ಟರೆ ಸಾಕು. ಇಲ್ಲಿ ಓದಲು ಅನುಕೂಲವಾಗಲೆಂದು ಅಲ್ಪವಿರಾಮ ಹಾಕಿದ್ದೇನೆ. ತಂತ್ರಾಂಶದಲ್ಲಿ ಅದಿಲ್ಲದೆ ಏಳೂ ಅಂಕಿಗಳನ್ನು ಒಟ್ಟಾಗಿ ಬರೆಯಬೇಕು.

ಈ ಲೆಕ್ಕವನ್ನು ಎಷ್ಟು ನಂಬಬಹುದು ಎಂಬುದನ್ನೂ ಪರೀಕ್ಷಿಸೋಣ. 2019ರ ಮಾರ್ಚ್ 9ರ ಜಾಲ ಪರಿಷ್ಕರಣೆ ನಡೆದದ್ದು 17,88,000ನೆಯ ಬ್ಲಾಕ್‌ನಲ್ಲಿ. ಮೇಲಿನ ಸೂತ್ರ ಕೊಡುವ ಉತ್ತರ 17,88,147. ನಾನು ಆಗಲೇ ಹೇಳಿದ 2022ರ ಆಗಸ್ಟ್ 13ರ ಪರಿಷ್ಕರಣೆಯ ಬ್ಲಾಕ್ 26,88,888. ಸೂತ್ರದ ಉತ್ತರ 26,90,307. ಆರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ತಪ್ಪಿದ್ದು ಸುಮಾರು ಎರಡು ದಿನದಷ್ಟು. ಆದರೆ ಅದು ತಪ್ಪಿದ ದಿಕ್ಕನ್ನು ಗಮನಿಸಿ: ಎರಡು ಸಲವೂ ಸೂತ್ರ ಹೇಳಿದ ಸಂಖ್ಯೆ ನಿಜವಾದುದಕ್ಕಿಂತ ಹೆಚ್ಚು, ಅಂದರೆ ನಮಗೆ ಅಪಾಯವಿರುವ ಕಡೆಗೇ ಅದು ವಾಲಿದೆ. ಒಂದು ತಿಂಗಳು ಹಿಂದೆ ಸರಿಯುವುದರಿಂದ ಹೆಚ್ಚಾಗುವ ಕೆಲಸ 21,600 ಬ್ಲಾಕ್‌ಗಳಷ್ಟು ಮಾತ್ರ, ಆದರೆ ಈ ವಾಲುವಿಕೆ ನಿಮ್ಮನ್ನು ಮುಟ್ಟದಂತಾಗುತ್ತದೆ.

ಹಾಗಾದರೆ ಸೊನ್ನೆಯಿಂದಲೇ ಆರಂಭಿಸಿದರೆ ಯಾವ ಚಿಂತೆಯೂ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಚಿಂತೆ ಇರುವುದಿಲ್ಲ ನಿಜ. ಆದರೆ ನಿಮ್ಮ ವಾಲೆಟ್ ಇನ್ನೂ ಹುಟ್ಟದಿದ್ದ ಕಾಲದ 18 ಲಕ್ಷ ಬ್ಲಾಕ್‌ಗಳನ್ನು ಸುಮ್ಮನೆ ಪರೀಕ್ಷಿಸಿದಂತಾಗುತ್ತದೆ. ಮೊದಲ ವರ್ಷಗಳಲ್ಲಿ ವ್ಯವಹಾರಗಳು ಕಡಿಮೆ ಇದ್ದವು, ಅವು ಬೇಗ ಮುಗಿಯುತ್ತವೆ ಎಂಬ ಮಾತೂ ಪೂರ್ತಿ ಸರಿಯಲ್ಲ. 2017ರ ಜನವರಿಯಲ್ಲಿ ರಿಂಗ್‌ಸಿಟಿ ಎಂಬ ತಂತ್ರ ಬಂದು ಮೊತ್ತಗಳು ಮರೆಯಾಗುವವರೆಗೆ, ಪ್ರತಿ ಮೊತ್ತವನ್ನೂ ನೋಟುಗಳ ಹಾಗೆ ನಿಗದಿತ ಮುಖಬೆಲೆಗಳಾಗಿ ಒಡೆದು ಕಳಿಸಲಾಗುತ್ತಿತ್ತು. ಒಂದೇ ವ್ಯವಹಾರದಲ್ಲಿ ಹಲವು ಔಟ್‌ಪುಟ್‌ಗಳು, ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ. ದೂರದ ನೋಡ್ ಒಂದನ್ನು (ಬ್ಲಾಕ್‌ಚೈನ್‌ನ ಪ್ರತಿಯನ್ನು ಇಟ್ಟುಕೊಂಡು ವಾಲೆಟ್‌ಗೆ ಒದಗಿಸುವ ಕಂಪ್ಯೂಟರನ್ನು) ಬಳಸುತ್ತಿದ್ದರೆ ಆ ಬ್ಲಾಕ್‌ಗಳೆಲ್ಲ ನಿಮ್ಮ ಇಂಟರ್ನೆಟ್ ಸಂಪರ್ಕದ ಮೂಲಕವೇ ಬರಬೇಕು. ವಾಲೆಟ್‌ನ ವಯಸ್ಸು ಯಾವ ದಾರಿಯಿಂದಲೂ ತಿಳಿಯದಾಗ ಮಾತ್ರ ಸೊನ್ನೆ ಸರಿಯಾದ ಉತ್ತರ. ಆ ಜಾಗವನ್ನು ಖಾಲಿ ಬಿಡುವುದು ಇನ್ನೂ ಅನಿಶ್ಚಿತ, ಏಕೆಂದರೆ ಖಾಲಿಯನ್ನು ತಂತ್ರಾಂಶಗಳೆಲ್ಲ ಒಂದೇ ರೀತಿಯಾಗಿ ಅರ್ಥ ಮಾಡಿಕೊಳ್ಳುವುದಿಲ್ಲ. ನಿಮ್ಮ ಮೂರನೆಯ ಆ್ಯಪ್ ಸೊನ್ನೆ ಎಂದು ತಿಳಿದಂತಿದೆ. ಅದನ್ನು ಅರ್ಧಕ್ಕೆ ನಿಲ್ಲಿಸಿದ್ದರಿಂದ ಕೆಟ್ಟದ್ದೇನೂ ಆಗಿಲ್ಲ. ಸಾಮಾನ್ಯವಾಗಿ ವಾಲೆಟ್ ತಾನು ಎಲ್ಲಿಯವರೆಗೆ ಓದಿದೆ ಎಂಬುದನ್ನು ಉಳಿಸಿಕೊಂಡು, ಮತ್ತೆ ತೆರೆದಾಗ ಅಲ್ಲಿಂದ ಮುಂದುವರಿಸುತ್ತದೆ.

ವಯಸ್ಸು ಮರೆತಿದ್ದರೆ ಅದನ್ನು ಪತ್ತೆ ಮಾಡಲು ಕೆಲವು ದಾರಿಗಳಿವೆ. ವಾಲೆಟ್ ರಚಿಸಿದ ದಿನವೇ ಬೇಕೆಂದೇನಿಲ್ಲ; ಮೊದಲ ಜಮೆ ಬಂದ ದಿನ ಸಿಕ್ಕರೆ ಸಾಕು, ಅದಕ್ಕಿಂತ ಹಿಂದೆ ಹುಡುಕುವಂಥದ್ದೇನೂ ಇರುವುದಿಲ್ಲ. ವಿನಿಮಯ ಕೇಂದ್ರದಿಂದ ಹಣ ತೆಗೆದುಕೊಂಡಿದ್ದರೆ ಅಲ್ಲಿನ ಖಾತೆಯ ಇತಿಹಾಸ, ಹಳೆಯ ಇಮೇಲ್, ಹಣ ಕಳಿಸಿದವರ ಬಳಿಯಿರುವ ದಾಖಲೆ, ಇವುಗಳಲ್ಲಿ ಎಲ್ಲಾದರೂ ಟ್ರಾನ್ಸಾಕ್ಷನ್ ಐಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊನೆರೊದಲ್ಲಿ ಬ್ಲಾಕ್ ಎಕ್ಸ್‌ಪ್ಲೋರರ್ (ಬ್ಲಾಕ್‌ಗಳನ್ನು ತೆರೆದು ತೋರಿಸುವ ಜಾಲತಾಣ) ನಿಮ್ಮ ಬ್ಯಾಲೆನ್ಸ್ ಹೇಳಲಾರದು, ಆದರೆ ಆ ಐಡಿಯ ವ್ಯವಹಾರ ಯಾವ ಬ್ಲಾಕ್‌ನಲ್ಲಿದೆ ಎಂಬುದನ್ನು ಹೇಳುತ್ತದೆ. ಇವೆಲ್ಲಕ್ಕಿಂತ ಮೊದಲು, ಆ ಹಳೆಯ ಡಿಸ್ಕ್‌ನಿಂದ ಏನಾದರೂ ಹೊರತೆಗೆಯಲು ಸಾಧ್ಯವೇ ಎಂದು ವಿಚಾರಿಸಿ. ವಾಲೆಟ್‌ನ ಹೆಸರಿನ ಕೊನೆಯಲ್ಲಿ ಚುಕ್ಕೆ ಹಾಗೂ ‘ಕೀಸ್’ (.keys) ಎಂದಿರುವ ಚಿಕ್ಕ ಫೈಲ್ ಸಿಕ್ಕಿ, ಪಾಸ್‌ವರ್ಡ್ ನೆನಪಿದ್ದರೆ, ರಿಸ್ಟೋರ್ ಹೈಟ್ ಅದರೊಳಗೇ ಇರುತ್ತದೆ. ಅದರ ಜೊತೆಗಿರುವ ಅದೇ ಹೆಸರಿನ ದೊಡ್ಡ ಫೈಲ್ ಕೂಡ ಸಿಕ್ಕರೆ ಬಿಡಬೇಡಿ. ನೀವು ಯಾರಿಗೆ ಕಳಿಸಿದಿರಿ, ಏನೆಂದು ಟಿಪ್ಪಣಿ ಬರೆದುಕೊಂಡಿರಿ, ಹಣ ಕಳಿಸಿದ್ದಕ್ಕೆ ಪುರಾವೆ ಕೊಡಲು ಬೇಕಾಗುವ ವ್ಯವಹಾರದ ರಹಸ್ಯ ಕೀ ಯಾವುದು, ಇವೆಲ್ಲ ಆ ಫೈಲ್‌ನಲ್ಲಿ ಮಾತ್ರ ಇರುತ್ತವೆ. ಬ್ಲಾಕ್‌ಚೈನ್‌ನಲ್ಲಿ ಇವು ಇಲ್ಲ. ಆದ್ದರಿಂದ ಪದಗಳಿಂದ ಮರಳಿ ಪಡೆದ ವಾಲೆಟ್‌ನಲ್ಲಿ ಹಳೆಯ ಖರ್ಚುಗಳ ಮೊತ್ತ ಬರುತ್ತದೆ, ಯಾರಿಗೆ ಎಂಬುದು ಬರುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಪದಗಳನ್ನು ನಾಲ್ಕನೆಯ ಸಲ ಟೈಪ್ ಮಾಡುವ ಅಗತ್ಯವಿಲ್ಲ. ನೀವು ಮೊದಲು ಬಳಸಿದ ಡೆಸ್ಕ್‌ಟಾಪ್ ವಾಲೆಟ್ ಮೊನೆರೊದ ಅಧಿಕೃತ ವಾಲೆಟ್ ಆಗಿದ್ದರೆ, ಸೆಟ್ಟಿಂಗ್ಸ್ ಒಳಗಿನ ಇನ್ಫೋ ಎಂಬ ಭಾಗದಲ್ಲಿ ವಾಲೆಟ್ ರಿಸ್ಟೋರ್ ಹೈಟ್ ಎಂಬ ಸಾಲಿದೆ. ಅದರ ಪಕ್ಕದಲ್ಲಿ ಬದಲಾಯಿಸಲು ಅವಕಾಶವಿದೆ. ಅಲ್ಲಿ 1826000 ಎಂದಾಗಲಿ 2019-05-01 ಎಂದಾಗಲಿ ಕೊಟ್ಟರೆ, ಈವರೆಗೆ ಓದಿದ್ದನ್ನು ಉಳಿಸಿಟ್ಟ ಹಳೆಯ ಕ್ಯಾಶ್ ಫೈಲ್‌ನ ಹೆಸರನ್ನು ಬದಲಿಸಿ ಪಕ್ಕಕ್ಕಿಟ್ಟು, ಮೊದಲಿನಿಂದ ಸ್ಕ್ಯಾನ್ ಆರಂಭಿಸುತ್ತದೆ. ಕಮಾಂಡ್‌ಲೈನ್ ವಾಲೆಟ್ ಬಳಸುವವರು ಇದೇ ಸಂಖ್ಯೆಯನ್ನು ಸೆಟ್ ಆದೇಶದಿಂದ ಬದಲಿಸಿ, ಬಳಿಕ ರೀಸ್ಕ್ಯಾನ್ ಆದೇಶ ಕೊಡಬೇಕು. ಎರಡನೆಯದನ್ನು ಮರೆತರೆ ಸಂಖ್ಯೆ ಬದಲಾಗಿರುತ್ತದೆ, ಬ್ಯಾಲೆನ್ಸ್ ಬದಲಾಗಿರುವುದಿಲ್ಲ.

ಸ್ಕ್ಯಾನ್ ಹಚ್ಚುವ ಮುನ್ನ ಒಂದು ನಿಮಿಷ ವ್ಯಯಿಸಿ ವಿಳಾಸವನ್ನು ನೋಡಿ. ಮರಳಿ ಪಡೆದ ವಾಲೆಟ್‌ನ ಮುಖ್ಯ ವಿಳಾಸ 4ರಿಂದ ಆರಂಭವಾಗುವ 95 ಅಕ್ಷರಗಳದ್ದಾಗಿರುತ್ತದೆ. ನೀವು ಹಿಂದೆ ಯಾರಿಗಾದರೂ ಕೊಟ್ಟಿದ್ದ ವಿಳಾಸದೊಂದಿಗೆ ಅದರ ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳನ್ನು ಹೋಲಿಸಿ. ನಿಮ್ಮ ವಿಷಯದಲ್ಲಿ ಚಿಲ್ಲರೆಯೇ ಸಾಕ್ಷಿ ಹೇಳಿದೆ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಪದಗಳಲ್ಲಿ ತಪ್ಪಾದರೆ 25ನೆಯ ಪದ ಬಹುತೇಕ ಹಿಡಿದುಬಿಡುತ್ತದೆ. ಆದರೆ ಪದಗಳ ಜೊತೆಗೆ ಹೆಚ್ಚುವರಿ ಪಾಸ್‌ಫ್ರೇಸ್ ಇಟ್ಟಿದ್ದವರು ಅದನ್ನು ಮರೆತರೆ ಅಥವಾ ಒಂದಕ್ಷರ ತಪ್ಪಿದರೆ, ಯಾವ ದೂರೂ ಇಲ್ಲದೆ ಬೇರೆಯೇ ಒಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ಅಲ್ಲಿ ಆರಂಭದ ಬ್ಲಾಕ್ ಅನ್ನು ಎಷ್ಟು ಹಿಂದಕ್ಕೆ ಸರಿಸಿದರೂ ಏನೂ ಸಿಗದು. ವಿಳಾಸ ಹೊಂದಿದರೆ ತೊಂದರೆ ಆರಂಭದ ಬ್ಲಾಕ್‌ನದು ಅಥವಾ ನೋಡ್‌ನದು. ಹೊಂದದಿದ್ದರೆ ತೊಂದರೆ ಪದಗಳದ್ದು ಅಥವಾ ಪಾಸ್‌ಫ್ರೇಸ್‌ನದು.

ನೋಡ್‌ನ ಮಾತು ಬಂದದ್ದರಿಂದ ನನ್ನದೇ ಒಂದು ಪೆದ್ದುತನವನ್ನು ಹೇಳಿಬಿಡುತ್ತೇನೆ. ಒಮ್ಮೆ ವಾಲೆಟ್ ಮರಳಿ ಪಡೆಯುವಾಗ ಆರಂಭದ ಸಂಖ್ಯೆಯನ್ನು ಸರಿಯಾಗಿಯೇ ಕೊಟ್ಟು, ಸ್ಕ್ಯಾನ್ ಮುಗಿದ ಮೇಲೂ ಕೊನೆಯ ಎರಡು ಜಮೆಗಳು ಕಾಣದೆ ಎರಡು ಸಂಜೆ ತಲೆ ಚಚ್ಚಿಕೊಂಡೆ. ಮತ್ತೆ ಮತ್ತೆ ಹಿಂದಿನ ಬ್ಲಾಕ್‌ಗಳಿಂದ ಸ್ಕ್ಯಾನ್ ಮಾಡಿದೆ. ದೋಷವಿದ್ದದ್ದು ಇನ್ನೊಂದು ತುದಿಯಲ್ಲಿ. ನಾನು ಬಳಸುತ್ತಿದ್ದ ಸಾರ್ವಜನಿಕ ನೋಡ್ ಸ್ವತಃ ಹಲವು ವಾರಗಳಷ್ಟು ಹಿಂದುಳಿದಿತ್ತು. ಅದು ತನ್ನ ಬಳಿಯಿದ್ದ ಕೊನೆಯ ಬ್ಲಾಕ್‌ವರೆಗೆ ಕೊಟ್ಟಿತು, ವಾಲೆಟ್ ಅಷ್ಟನ್ನು ಓದಿ ಸಿಂಕ್ ಆಗಿದೆ ಎಂದಿತು. ಸ್ಕ್ಯಾನ್ ಮುಗಿದಾಗ ವಾಲೆಟ್ ತೋರಿಸುವ ಬ್ಲಾಕ್ ಸಂಖ್ಯೆಯನ್ನು ಯಾವುದಾದರೂ ಎಕ್ಸ್‌ಪ್ಲೋರರ್‌ನ ಇತ್ತೀಚಿನ ಸಂಖ್ಯೆಯೊಂದಿಗೆ ಹೋಲಿಸಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಎಲ್ಲ ಸರಿಯಿದ್ದೂ ಜಮೆಗಳು ತಪ್ಪುವ ಇನ್ನೊಂದು ಸಂದರ್ಭ ಮುಖ್ಯವಾಗಿ ವ್ಯಾಪಾರಸ್ಥರಿಗೆ ಬರುತ್ತದೆ. 8ರಿಂದ ಆರಂಭವಾಗುವ ಉಪವಿಳಾಸಗಳನ್ನು ವಾಲೆಟ್ ಮುಂಚಿತವಾಗಿ ಒಂದು ಮಿತಿಯವರೆಗೆ ಮಾತ್ರ ಲೆಕ್ಕ ಹಾಕಿಟ್ಟುಕೊಳ್ಳುತ್ತದೆ: 50 ಖಾತೆಗಳು, ಪ್ರತಿ ಖಾತೆಗೂ 200 ಉಪವಿಳಾಸಗಳು. ಗ್ರಾಹಕನಿಗೊಂದರಂತೆ ನೂರಾರು ಉಪವಿಳಾಸ ಹಂಚಿ, ಸಾಲಾಗಿ 200ಕ್ಕಿಂತ ಹೆಚ್ಚಿನವುಗಳಿಗೆ ಹಣವೇ ಬಾರದಿದ್ದರೆ, ಅದರಾಚೆಯ ಉಪವಿಳಾಸಕ್ಕೆ ಬಂದ ಹಣವನ್ನು ಮರಳಿ ಪಡೆದ ವಾಲೆಟ್ ಗುರುತಿಸುವುದಿಲ್ಲ. ಮಿತಿಯನ್ನು ಹೆಚ್ಚಿಸಿ ಮತ್ತೆ ಸ್ಕ್ಯಾನ್ ಮಾಡಬೇಕು.

ಬಿಟ್‌ಕಾಯಿನ್‌ಗೆ ಬರೋಣ. ಅಲ್ಲಿ ಈ ಪ್ರಶ್ನೆಯೇ ಎದುರಾಗದ ವಾಲೆಟ್‌ಗಳು ಬಹಳ. ಎಲೆಕ್ಟ್ರಮ್‌ನಂಥ ವಾಲೆಟ್ ಸರ್ವರ್ ಒಂದನ್ನು ಕೇಳುತ್ತದೆ. ಬಿಟ್‌ಕಾಯಿನ್ ವಿಳಾಸಗಳು ಬಯಲಲ್ಲೇ ಇರುವುದರಿಂದ ಸರ್ವರ್ ಅವುಗಳಿಗೆ ಸೂಚಿಯನ್ನು ಮೊದಲೇ ತಯಾರಿಸಿಟ್ಟಿರುತ್ತದೆ, ಯಾವ ವರ್ಷದ ಜಮೆಯಾದರೂ ಕೂಡಲೇ ಸಿಗುತ್ತದೆ. ಸ್ವಂತ ನೋಡ್ ನಡೆಸಿ ಬಿಟ್‌ಕಾಯಿನ್ ಕೋರ್‌ನಲ್ಲಿ ವಾಲೆಟ್ ಮರಳಿ ಪಡೆಯುವವರಿಗೆ ಮಾತ್ರ ಆರಂಭದ ಸಮಯ ಬೇಕಾಗುತ್ತದೆ. ಡಿಸ್ಕ್ರಿಪ್ಟರ್ (ವಾಲೆಟ್‌ನ ಕೀ ಮತ್ತು ವಿಳಾಸಗಳ ವಿವರಣೆ) ಸೇರಿಸುವಾಗ ಅಲ್ಲಿ ಟೈಮ್‌ಸ್ಟ್ಯಾಂಪ್ ಎಂಬ ಅಂಶವಿದೆ. ಅದರಲ್ಲಿ ‘ಈಗ’ (now) ಎಂದು ಬರೆದರೆ ಹಳೆಯದನ್ನು ನೋಡುವುದಿಲ್ಲ. ನಿಮ್ಮದೇ ತಪ್ಪು, ಬೇರೆ ವೇಷದಲ್ಲಿ. ಬ್ಲಾಕ್‌ಗಳ ಮೇಲಿನ ಸಮಯ ಗಡಿಯಾರದಷ್ಟು ನಿಖರವಲ್ಲದ ಕಾರಣ, ನೀವು ಕೊಟ್ಟ ಸಮಯಕ್ಕಿಂತ ಎರಡು ಗಂಟೆ ಹಿಂದಿನಿಂದ ಅದು ತಾನೇ ಓದುತ್ತದೆ. ಎರಡು ಗಂಟೆ ನನ್ನ ಮಟ್ಟಿಗೆ ಏನೇನೂ ಸಾಲದು, ಇಲ್ಲಿಯೂ ಒಂದು ತಿಂಗಳು ಹಿಂದೆ ಸರಿಯಿರಿ. ಹಳೆಯ ಬ್ಲಾಕ್‌ಗಳನ್ನು ಅಳಿಸುತ್ತ ಹೋಗುವ ಪ್ರೂನ್ ಮಾಡಿದ ನೋಡ್ ನಿಮ್ಮದಾಗಿದ್ದರೆ, ಅಳಿಸಿದ ಭಾಗವನ್ನು ಮತ್ತೆ ಸ್ಕ್ಯಾನ್ ಮಾಡಲು ಬಾರದು. ಬ್ಲಾಕ್‌ಚೈನ್ ಅನ್ನು ಮೊದಲಿನಿಂದ ಇಳಿಸಿಕೊಳ್ಳಬೇಕಾಗುತ್ತದೆ. ಮೊನೆರೊದ ಪ್ರೂನ್ ಮಾಡಿದ ನೋಡ್‌ಗೆ ಈ ಮಿತಿ ಇಲ್ಲ. ಅದು ಕೈಬಿಡುವುದು ವ್ಯವಹಾರಗಳ ಸಹಿ, ಪುರಾವೆಗಳ ಬಹುಭಾಗವನ್ನು. ಸ್ಕ್ಯಾನ್‌ಗೆ ಬೇಕಾದ ಔಟ್‌ಪುಟ್‌ಗಳು ಅದರಲ್ಲಿ ಉಳಿದಿರುತ್ತವೆ.

ಬಿಟ್‌ಕಾಯಿನ್‌ನಲ್ಲಿ ವಿಳಾಸದ ರೂಪವೇ ವಯಸ್ಸಿನ ಸುಳಿವು ಕೊಡುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ವಾಲೆಟ್‌ನಲ್ಲಿ ಸೆಗ್‌ವಿಟ್ ಎಂಬ ಪರಿಷ್ಕೃತ ರೂಪದ ವಿಳಾಸಗಳು ಮಾತ್ರ ಇದ್ದರೆ, 2017ರ ಆಗಸ್ಟ್‌ನಲ್ಲಿ ಸೆಗ್‌ವಿಟ್ ಜಾರಿಗೆ ಬಂದ 4,81,824ನೆಯ ಬ್ಲಾಕ್‌ಗಿಂತ ಹಿಂದೆ ಹುಡುಕಲು ಕಾರಣವಿಲ್ಲ. ಅದರ ನಂತರ ಬಂದ ಟ್ಯಾಪ್‌ರೂಟ್ ರೂಪದ ವಿಳಾಸಗಳು ಮಾತ್ರ ಇದ್ದರೆ 2021ರ ನವೆಂಬರ್‌ನ 7,09,632 ಸಾಕು. ದಿನಾಂಕ ಮರೆತವರಿಗೆ ಸೊನ್ನೆಗಿಂತ ಇದು ಎಷ್ಟೋ ಮೇಲು. ಬಿಟ್‌ಕಾಯಿನ್ ವಾಲೆಟ್ ಖಾಲಿ ಎಂದು ನನಗೆ ಬರುವ ಪತ್ರಗಳಲ್ಲಿ ಮಾತ್ರ ಹೆಚ್ಚಿನವು ಆರಂಭದ ಬ್ಲಾಕ್‌ಗೆ ಸಂಬಂಧಿಸಿದವಲ್ಲ. ಒಂದೋ ಡಿರೈವೇಶನ್ ಪಾತ್ (ಪದಗಳಿಂದ ವಿಳಾಸಗಳನ್ನು ಹುಟ್ಟಿಸುವ ದಾರಿ) ಬೇರೆಯಾಗಿರುತ್ತದೆ, ಇಲ್ಲವೇ ಸಾಲಾಗಿ 20 ಬಳಸದ ವಿಳಾಸಗಳು ಬಂದ ಕೂಡಲೇ ವಾಲೆಟ್ ಮುಂದೆ ಹುಡುಕುವುದನ್ನು ನಿಲ್ಲಿಸಿರುತ್ತದೆ.

ಝಡ್‌ಕ್ಯಾಶ್ ಎಂಬ ಇನ್ನೊಂದು ಕ್ರಿಪ್ಟೋ ಹಣದ ಗೋಪ್ಯ ವಿಳಾಸಗಳ ಸ್ಥಿತಿ ಮೊನೆರೊದಂತೆಯೇ. ಅಲ್ಲಿನ ವಾಲೆಟ್‌ಗಳು ಈ ಸಂಖ್ಯೆಯನ್ನು ಬರ್ತ್‌ಡೇ ಎಂದು ಕರೆಯುತ್ತವೆ. ಈಗ ಬಳಕೆಯಲ್ಲಿರುವ ಸ್ಯಾಪ್ಲಿಂಗ್ ವಿಳಾಸಗಳು 2018ರ ಅಕ್ಟೋಬರ್‌ನಲ್ಲಿ 4,19,200ನೆಯ ಬ್ಲಾಕ್‌ನಿಂದ ಬಂದವು, ಅದಕ್ಕಿಂತ ಹಿಂದೆ ಹೋಗಬೇಕಿಲ್ಲ. ಇಥೀರಿಯಂನಂಥ ಜಾಲಗಳಲ್ಲಿ ಖಾತೆಯ ಈಗಿನ ಬ್ಯಾಲೆನ್ಸ್ ಜಾಲದ ಸ್ಥಿತಿಯಲ್ಲೇ ದಾಖಲಾಗಿರುವುದರಿಂದ ಈ ಗೋಜೇ ಇಲ್ಲ.

ಪದಗಳಲ್ಲಿ ದಿನಾಂಕಕ್ಕೆ ಜಾಗವಿಲ್ಲದ ಕೊರತೆಯನ್ನು ತಂತ್ರಜ್ಞರು ಗಮನಿಸಿಲ್ಲವೆಂದಲ್ಲ. ಬಿಟ್‌ಕಾಯಿನ್ ಮೇಲೆ ನಡೆಯುವ ಲೈಟ್ನಿಂಗ್ ಜಾಲದ ಎಲ್‌ಎನ್‌ಡಿ ತಂತ್ರಾಂಶದಲ್ಲಿ ಏಜೀಡ್ ಎಂಬ 24 ಪದಗಳ ಸಾಲಿನಲ್ಲಿ, ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ ಹುಟ್ಟಿದ 2009ರ ಜನವರಿ 3ರಿಂದ ಎಷ್ಟನೆಯ ದಿನ ಎಂಬುದನ್ನು ಎರಡು ಬೈಟ್‌ಗಳಲ್ಲಿ ಅಡಗಿಸಿಟ್ಟಿದ್ದಾರೆ. ಮೊನೆರೊಗಾಗಿ ಬಂದಿರುವ 16 ಪದಗಳ ಪಾಲಿಸೀಡ್‌ನಲ್ಲಿ 10 ಬಿಟ್‌ಗಳು ಇದಕ್ಕೇ ಮೀಸಲು. 2021ರ ನವೆಂಬರ್‌ನಿಂದ ಎಣಿಸಿ ಎಷ್ಟನೆಯ ತಿಂಗಳು ಎಂಬುದು ಅದರಲ್ಲಿರುತ್ತದೆ. ಹಾಗಾಗಿ ಪಾಲಿಸೀಡ್ ಕೊಟ್ಟರೆ ವಾಲೆಟ್ ನಿಮ್ಮನ್ನು ಏನೂ ಕೇಳದೆಯೇ ಸರಿಯಾದ ತಿಂಗಳಿನಿಂದ ಓದಲು ತೊಡಗುತ್ತದೆ. ಫೆದರ್ ವಾಲೆಟ್ ಈಗ ಹೊಸ ವಾಲೆಟ್‌ಗಳಿಗೆ ಇದನ್ನೇ ಬಳಸುತ್ತದೆ. ನಿಮ್ಮ 25 ಪದಗಳನ್ನು ಇದಕ್ಕೆ ಪರಿವರ್ತಿಸಲು ಬರುವುದಿಲ್ಲ. ಹೊಸ ವಾಲೆಟ್ ಮಾಡಿ ಹಣವನ್ನು ಅದಕ್ಕೆ ವರ್ಗಾಯಿಸಬೇಕು.

ನಿಮ್ಮ ಮಟ್ಟಿಗೆ ಆ ವರ್ಗಾವಣೆಯನ್ನು ಬೇರೊಂದು ಕಾರಣಕ್ಕಾಗಿಯೂ ಮಾಡಿ ಎನ್ನುತ್ತೇನೆ. ಗಾಬರಿಯಲ್ಲಿ ನೀವು ಪದಗಳನ್ನು ಮೂರು ತಂತ್ರಾಂಶಗಳಿಗೆ ಕೊಟ್ಟಿದ್ದೀರಿ. ಅವು ಮೂರೂ ಪ್ರಾಮಾಣಿಕವೇ ಇರಬಹುದು, ಆದರೆ ಹಾಗೆಂದು ನಂಬಿ ಕೂರುವ ಅಗತ್ಯವಿಲ್ಲ. ರಿಸ್ಟೋರ್ ಹೈಟ್ ಗುಟ್ಟಿನ ಸಂಗತಿಯಲ್ಲ, ಅದನ್ನು ಯಾರನ್ನು ಬೇಕಾದರೂ ಕೇಳಿ ತಿಳಿಯಬಹುದು. ಸಿಂಕ್ ಸರಿಪಡಿಸಿ ಕೊಡುತ್ತೇನೆ ಎಂದು ಪದಗಳನ್ನು ಕೇಳುವವರಿಗೆ ಉತ್ತರವನ್ನೇ ಕೊಡಬೇಡಿ. ಬ್ಯಾಲೆನ್ಸ್ ಪೂರ್ತಿ ಕಂಡ ಮೇಲೆ ಹೊಸ ವಾಲೆಟ್ ರಚಿಸಿ, ಮೊದಲು ಸಣ್ಣ ಮೊತ್ತವನ್ನು, ಅದು ತಲುಪಿದ ಬಳಿಕ ಉಳಿದದ್ದನ್ನು ಸಾಗಿಸಿ. ಹೊಸ ಕಾಗದದಲ್ಲಿ ಪದಗಳ ಕೆಳಗೆ ಅಂದಿನ ದಿನಾಂಕ, ಆಗಿನ ಬ್ಲಾಕ್ ಸಂಖ್ಯೆ ಮತ್ತು ಮುಖ್ಯ ವಿಳಾಸದ ಮೊದಲ ಎಂಟು ಅಕ್ಷರಗಳನ್ನು ಬರೆದಿಡಿ.

18,26,000ರಿಂದ ಸ್ಕ್ಯಾನ್ ಮುಗಿದು, ವಾಲೆಟ್‌ನ ಸಂಖ್ಯೆ ಎಕ್ಸ್‌ಪ್ಲೋರರ್‌ನ ಸಂಖ್ಯೆಗೆ ಸಮನಾಗಿದ್ದೂ ಒಟ್ಟು ಮೊತ್ತ ಕಡಿಮೆಯೇ ಕಂಡರೆ, ಮೊದಲು ಜಮೆಗಳ ಪಟ್ಟಿಯ ಅತ್ಯಂತ ಹಳೆಯ ಸಾಲನ್ನು ನೋಡಿ. ಅದು ನಿಮಗೆ ಗುರುತಿರುವ ಮೊದಲ ಪಾವತಿಯೇ ಆಗಿದ್ದರೆ ಆರಂಭ ಸರಿಯಾಗಿದೆ, ಕೊರತೆಯ ಕಾರಣವನ್ನು ಉಪವಿಳಾಸಗಳಲ್ಲೋ ಮರೆತ ಖರ್ಚಿನಲ್ಲೋ ಹುಡುಕಬೇಕು. ಅದು ಗುರುತಿಲ್ಲದ ಮುರುಕು ಮೊತ್ತವಾಗಿದ್ದರೆ ಮತ್ತೆ ಚಿಲ್ಲರೆಯೇ ಸಿಕ್ಕಿದೆ ಎಂದರ್ಥ; ನಿಮ್ಮ ನೆನಪಿಗಿಂತ ವಾಲೆಟ್ ಹಳೆಯದು. ಆಗ 2019ರ ಜನವರಿ 1ಕ್ಕೆ ಸರಿಯಿರಿ, ಸೂತ್ರದ ಪ್ರಕಾರ 17,39,907, ಸುತ್ತಿದರೆ 17,39,000. ಅಲ್ಲಿಂದ ಮತ್ತೊಮ್ಮೆ ಓದಿಸಿ.